ಬೆರಳು ಇಟ್ಟ ಕಡೆ

ನರ್ಸಿಂಗ್ ಕಾಲೇಜಿನ ಸೂಕ್ಷ್ಮಜೀವಿ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷದಿಂದ ಗಾಜು ತೊಳೆದು, ಬ್ಯಾಕ್ಟೀರಿಯಾ ಬೆಳೆಸುವ ಅಗರ್ ಎಂಬ ಲೋಳೆ ಕುದಿಸಿ, ಪೆಟ್ರಿ ಎಂಬ ಪುಟ್ಟ ಮುಚ್ಚಳದ ತಟ್ಟೆಗಳಿಗೆ ಹೊಯ್ಯುತ್ತ ಬಂದವಳು ಅಗರಕ್ಕ. ಹಾಗೆ ಹೆಸರಿಟ್ಟವರು ವಿದ್ಯಾರ್ಥಿನಿಯರು. ಮನೆಯಲ್ಲೂ ಅವಳದು ಅದೇ ಚಾಳಿ. ಮೊಮ್ಮಗಳ ಚಮಚವನ್ನೂ ಕುದಿಸಿಯೇ ಕೊಡುತ್ತಾಳೆ. "ಅತ್ತೆ ಕೈಗೆ ಸಿಕ್ಕಿದ್ದು ಬೇಯದೆ ಉಳಿಯಲ್ಲ" ಎಂದು ಸೊಸೆ ನಗುತ್ತಾಳೆ. ಅಂಥವಳ ಮೇಲೆ ಕೊಳಕಿನ ಗೂಬೆ ಕೂರಿಸಿದರು.

ಮೊದಲ ವರ್ಷದವರಿಗೆ ಕೈ ತೊಳೆಯುವ ಪಾಠವಿತ್ತು. ತೊಳೆದ ಬೆರಳನ್ನು ಅಗರ್ ಮೇಲೆ ಒತ್ತಿ ಒಂದು ದಿನ ಬೆಚ್ಚಗಿನ ಪೆಟ್ಟಿಗೆಯಲ್ಲಿಟ್ಟರೆ, ಕೈಯಲ್ಲಿ ಉಳಿದ ಬ್ಯಾಕ್ಟೀರಿಯಾ ಚುಕ್ಕೆಚುಕ್ಕೆಯಾಗಿ ಬೆಳೆದು ಕಣ್ಣಿಗೆ ಬೀಳುತ್ತದೆ. ಮಾಡಿ ತೋರಿಸಲು ಆಸ್ಪತ್ರೆಯ ದೊಡ್ಡ ಸರ್ಜನ್ ಬಂದರು. ಉಂಗುರವನ್ನೂ ತೆಗೆಯದೆ, ಕೈಗೆ ನೀರು ತೋರಿಸಿದ ಶಾಸ್ತ್ರ ಮಾಡಿ ಒತ್ತಿದರು. ಮರುದಿನ ತಟ್ಟೆಯಲ್ಲಿ ಅವರ ಐದೂ ಬೆರಳು ಹಳದಿ ಚುಕ್ಕೆಗಳಲ್ಲಿ ಮೂಡಿದ್ದವು.

"ಅಗರ್ ಕೆಟ್ಟಿದೆ" ಎಂದರು ಸರ್ಜನ್. ಪಾಠ ಮಾಡುವ ಮೇಡಂ ಬಾಯಿಗೆ ಬೀಗ ಹಾಕಿಕೊಂಡರು. ಗೊತ್ತಿಲ್ಲದೆ ಅಲ್ಲ, ಎಲ್ಲ ಗೊತ್ತಿದ್ದೇ. ಓದಿದವರ ಇಂಥ ಮೌನಕ್ಕೆ ಏನೆನ್ನಬೇಕು?

ಮಧ್ಯಾಹ್ನ ಪ್ರಿನ್ಸಿಪಾಲರು ಅಗರಕ್ಕನನ್ನು ಕರೆಸಿದರು. "ನನ್ನ ನಿರ್ಲಕ್ಷ್ಯದಿಂದ ಅಗರ್ ಕಲುಷಿತವಾಗಿತ್ತು" ಎಂದು ಟೈಪ್ ಮಾಡಿದ ಕಾಗದ ಸಿದ್ಧವಾಗಿತ್ತು. ಸಹಿ ಹಾಕಿದರೆ ಬರೀ ಎಚ್ಚರಿಕೆ, ಹಾಕದಿದ್ದರೆ ಕೆಲಸಕ್ಕೇ ಕುತ್ತು.

ಅಗರಕ್ಕ ಎರಡು ತಟ್ಟೆ ತಂದು ಮೇಜಿನ ಮೇಲಿಟ್ಟಳು. ಒಂದು ಸರ್ಜನ್ ಒತ್ತಿದ್ದು. ಇನ್ನೊಂದು ಅದೇ ಪಾತ್ರೆಯ ಅಗರ್ ಹೊಯ್ದು, ಯಾರೂ ಮುಟ್ಟದೆ, ಅದೇ ಪೆಟ್ಟಿಗೆಯಲ್ಲಿಟ್ಟದ್ದು. ಪ್ರತಿ ಸಲವೂ ಅವಳು ಒಂದನ್ನು ಹಾಗೆ ತೆಗೆದಿಡುತ್ತಾಳೆ. ಅದರಲ್ಲಿ ಒಂದು ಚುಕ್ಕೆಯೂ ಇರಲಿಲ್ಲ.

"ನನ್ನ ಅಗರ್ ಕೆಟ್ಟಿದ್ರೆ ಇದರಲ್ಲೂ ಬೆಳೀಬೇಕಿತ್ತು ಸರ್. ಅವರ ತಟ್ಟೇಲೂ ಎಲ್ಲೆಂದರಲ್ಲಿ ಬೆಳೀಬೇಕಿತ್ತು. ಬೆರಳು ಇಟ್ಟ ಕಡೆ ಮಾತ್ರ ಬೆಳೆದಿದೆ. ಆ ಬೆರಳು ನಂದಲ್ಲ."

ಪ್ರಿನ್ಸಿಪಾಲರು ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. "ದೊಡ್ಡವರ ವಿಷಯ ಕಣಮ್ಮ. ಸುಮ್ನೆ ಸಹಿ ಹಾಕು. ನಿನ್ನ ಗಂಟೇನು ಹೋಗುತ್ತೆ?"

ಅಗರಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತೆರಡು ವರ್ಷದ ಮರ್ಯಾದೆ ಇವರ ಲೆಕ್ಕಕ್ಕೇ ಇಲ್ಲ. ಅದು ಹಾಳಾಗಲಿ, ಆಚೆ ಪ್ರಯೋಗಾಲಯದಲ್ಲಿ ಮೇಡಂ ಹೇಳಿದಂತೆ ನಲವತ್ತು ಹುಡುಗಿಯರು "ಅಗರ್ ದೋಷ" ಎಂದು ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಾರೆ. ನಾಳೆ ವಾರ್ಡಿನಲ್ಲಿ ಹೊಲಿಗೆ ಹಾಕಿದ ಗಾಯವನ್ನು ಸರ್ಜನ್ನರ ಅದೇ ಕೈ ಮುಟ್ಟುವಾಗ ಇವರಲ್ಲಿ ಯಾರು ಬಾಯಿ ಬಿಡುತ್ತಾರೆ?

ಅವಳು ಪೆನ್ನು ತೆಗೆದುಕೊಂಡಳು. ಪ್ರಿನ್ಸಿಪಾಲರಿಗೆ ನಿರಾಳವಾಯಿತು. ಟೈಪಾದ ಸಾಲನ್ನು ಹೊಡೆದು ಹಾಕಿ, ಕೆಳಗೆ ಸೊಟ್ಟ ಅಕ್ಷರಗಳಲ್ಲಿ "ಅಗರ್ ಶುದ್ಧವಾಗಿತ್ತು, ಕೈ ಕೊಳಕಾಗಿತ್ತು" ಎಂದು ಬರೆದಳು. ಆಮೇಲೆ ಸಹಿ ಹಾಕಿದಳು.