ಮಾತ್ರೆ ಹಾಗೇ ಇರಲಿ, ಆಯ್ತಾ?

ಮಾವ, ಅವತ್ತು ನಿಮಗೆ ಫೋನ್ ಮಾಡಿದ್ದು ಡಾಕ್ಟರಲ್ಲ. ನಾನು.

ಬರೆದುಬಿಟ್ಟೆ. ಇದು ನಟನೆಯಲ್ಲ. ಪಂಚಾಯಿತಿ ಮೆಂಬರು, ಬಸ್ ಕಂಡಕ್ಟರು, ಅತ್ತೆ, ನೀವು, ಯಾರ ಸ್ವರ ಬೇಕಾದರೂ ತೆಗೆಯುವ ನನಗೆ ಈ ಒಂದು ಮಾತನ್ನು ಹೇಳಲು ಸ್ವರ ಸಿಗದೆ ತಿಂಗಳುಗಳೇ ಕಳೆದವು.

ಮೊದಲು ನನ್ನ ಹೊಟ್ಟೆಯಿಂದ ಶುರು ಮಾಡುತ್ತೇನೆ. ಅದು ಯಾವಾಗಲೂ ನನಗಿಂತ ಮುಂಚೆ ಮನೆ ತಲುಪುತ್ತಿತ್ತಲ್ಲ. ಮೊಬೈಲಿನಲ್ಲಿ ಯಾರದೋ ಮಾತು ಕೇಳಿ ಅನ್ನ, ದೋಸೆ, ಸಕ್ಕರೆ ಬಿಟ್ಟೆ. ಮೀನು, ಮೊಟ್ಟೆ, ಹರಿವೆ, ಬಸಳೆ — ಅಷ್ಟೇ. ಮೊದಲ ವಾರ ತಲೆನೋವು, ಮಲಬದ್ಧತೆ, ಸುಮ್ಮಸುಮ್ಮನೆ ಸಿಟ್ಟು. ಬಂಗುಡೆ ಮೀನಿನ ಸಾರನ್ನು ಅನ್ನವಿಲ್ಲದೆ ಚಮಚದಲ್ಲಿ ಕುಡಿಯುವಾಗ ಅಳುವೇ ಬಂದಿತ್ತು. ಆಮೇಲೆ ಪ್ಯಾಂಟು ಸಡಿಲಾಯಿತು, ನಾಲಗೆ ಉದ್ದವಾಯಿತು. ಸಿಕ್ಕಿದವರಿಗೆಲ್ಲ ಉಪದೇಶ. ತೆಕ್ಕಟ್ಟೆಯ ನಿಮ್ಮ ಹೋಟೆಲಿನಲ್ಲಿ, ಗಿರಾಕಿಗಳ ಎದುರೇ, ನಿಮಗೂ.

"ಎಂತಾ ಮಾಣಿ, ಹೊಟ್ಟಿ ಎಲ್ಲಿ ಬಿಟ್ಟ್ ಬಂದೆ?" ಎಂದು ನಕ್ಕಿರಿ. "ಬೆಳಿಗ್ಗೆ ಗಂಜಿ ಉಣ್ದೇ ಬದ್ಕುಕ್ ಆತ್ತಾ? ಡಾಕ್ಟ್ರ್ ಹೇಳ್ಲಿ, ಬಿಡ್ತೆ. ನಿನ್ ಮಾತಿಗೆ ಬಿಡುದಾ?"

ಡಾಕ್ಟರು ಹೇಳಬೇಕಷ್ಟೇ ತಾನೆ — ಅನ್ನಿಸಿತು.

ನಿಮ್ಮ ಸಕ್ಕರೆ ಕಾಯಿಲೆಗೆಂದು ಕುಂದಾಪುರದ ಕ್ಲಿನಿಕ್ಕಿಗೆ ಜೊತೆಗೆ ಬರುತ್ತಿದ್ದವನು ನಾನೇ. ಡಾಕ್ಟರು ಗಂಟಲು ಸರಿಮಾಡಿಕೊಳ್ಳುವ ರೀತಿ, ಮಾತಿಗೊಮ್ಮೆ 'ಆಯ್ತಾ' — ಎಲ್ಲ ಬಾಯಿಪಾಠವಾಗಿತ್ತು. ಗೆಳೆಯನ ಮೊಬೈಲಿನಿಂದ ಫೋನ್ ಮಾಡಿದೆ. ಅವನು ಪಕ್ಕದಲ್ಲಿ ಬಾಯಿಗೆ ಟವೆಲು ತುರುಕಿಕೊಂಡು ನಗುತ್ತಿದ್ದ. "ಅನ್ನ ಬಂದ್. ಗಂಜಿ ಬಂದ್. ಒಂದಗುಳೂ ಇಲ್ಲ, ಆಯ್ತಾ?" ನೀವು ಎದ್ದು ನಿಂತೇ ಮಾತಾಡಿದಿರೇನೋ, ಸ್ವರ ಅಷ್ಟು ವಿನಯದ್ದು. "ಆಯ್ತ್ ಡಾಕ್ಟ್ರೇ. ಮಾತ್ರೆ ಎಂತ ಮಾಡ್ಕ್?"

ಆ ಪ್ರಶ್ನೆಗೆ ನಾನು ತಯಾರಾಗಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ನಕ್ಕು, ನಾನೇ ಮಾವ, ಎನ್ನಬಹುದಿತ್ತು. ಆದರೆ ಸ್ವರ ಅಷ್ಟು ಚಂದ ಕೂತಿತ್ತಲ್ಲ —

"ಮಾತ್ರೆ ಹಾಗೇ ಇರಲಿ, ಆಯ್ತಾ?"

ಸಂಜೆಯೇ ನಿಜ ಹೇಳುವುದೆಂದಿದ್ದೆ. ಅಷ್ಟರಲ್ಲಿ ನೀವು ಹೋಟೆಲಿಗೆಲ್ಲ ಸಾರಿಯಾಗಿತ್ತು: "ಡಾಕ್ಟ್ರೇ ಫೋನ್ ಮಾಡಿ ಹೇಳಿರ್ ಕಾಣಿ!" ಆಮೇಲೆ ನಿಮ್ಮ ಮೈ ಇಳಿಯಿತು, ಮೊಣಕಾಲಿನ ನೋವು ಕಡಿಮೆಯಾಯಿತು, ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ನಾನು ಒಳಗೊಳಗೇ ಬೀಗಿದೆ. ನಿಮಗೆ ಒಳ್ಳೆಯದನ್ನೇ ಮಾಡಿದೆ ಅಂದುಕೊಂಡೆ.

ಆ ಬೆಳಿಗ್ಗೆ ಮಾತ್ರೆ ನುಂಗಿ, ಏನೂ ತಿನ್ನದೆ ಜಗಲಿಯಲ್ಲಿ ಕೂತಿದ್ದಿರಿ. ನಾನು ಬಂದಾಗ ಮೈಯೆಲ್ಲ ಬೆವರು, ಮಾತು ತೊದಲು, ಎದ್ದರೆ ವಾಲುತ್ತಿದ್ದಿರಿ. ಕುಡುಕನ ನಕಲು ನನಗೆ ಮೊದಲು ಕಲಿಸಿದವರು ನೀವೇ ಅಲ್ಲವೇ? ಅದನ್ನೇ ಮಾಡುತ್ತಿದ್ದೀರಿ ಅಂದುಕೊಂಡೆ. ನಕ್ಕೆ. ನಿಮ್ಮೆದುರು ನಿಂತು ನಾನೂ ತೊದಲಿದೆ, ವಾಲಿದೆ, ನಿಮಗಿಂತ ಚೆನ್ನಾಗಿ. ನೀವು ನನ್ನನ್ನೇ ನೋಡುತ್ತಿದ್ದಿರಿ. ಆ ಕಣ್ಣು — ಅದರಲ್ಲಿ ತಮಾಷೆ ಇರಲಿಲ್ಲ.

"ಹ್ವಾಯ್, ಇವ್ರಿಗ್ ಎಂತಾ ಆಯ್ತ್ ಕಾಣ್ ಮಾಣಿ! ನೆಗಾಡ್ತ್ಯಾ?" ಅತ್ತೆ ಒಳಗಿಂದ ಓಡಿ ಬಂದು ಸಕ್ಕರೆ ನೀರು ಗುಟುಕು ಗುಟುಕಾಗಿ ಕುಡಿಸಿದರು. ಕಾರು ಬಿಟ್ಟದ್ದು ನಾನು. ಕುಂದಾಪುರ ಮುಟ್ಟುವವರೆಗೆ ಕನ್ನಡಿಯಲ್ಲಿ ನಿಮ್ಮ ಎದೆ ಏಳುತ್ತದೋ ಇಲ್ಲವೋ ನೋಡುತ್ತಲೇ ಇದ್ದೆ.

ಡಾಕ್ಟರು ಬೈದರು. ಅನ್ನ ಕಡಿಮೆ ಮಾಡಿದ್ದರಲ್ಲಿ ತಪ್ಪಿಲ್ಲವಂತೆ, ಲಾಭವೂ ಆಗಿದೆಯಂತೆ. ಆದರೆ ಈ ಮಾತ್ರೆ ತಿನ್ನುವವರು ತಮ್ಮನ್ನು ಕೇಳದೆ, ಮಾತ್ರೆಯನ್ನೂ ಕಡಿಮೆ ಮಾಡದೆ ಹಾಗೆ ಮಾಡಿದರೆ ಸಕ್ಕರೆ ಪಾತಾಳಕ್ಕೆ ಇಳಿದು ಜೀವವೇ ಹೋಗಬಹುದು. "ನೀವೇ ಹೇಳಿದ್ದಲ್ದಾ ಡಾಕ್ಟ್ರೇ, ಫೋನಂಗೆ?" ಎಂದಿರಿ. "ನಾನು ಫೋನ್ ಮಾಡೇ ಇಲ್ಲ," ಎಂದರು ಅವರು.

ಎಲ್ಲರೂ ನಿಮ್ಮ ಮುಖ ನೋಡಿದರು. ನಾನೂ ನೋಡಿದೆ.

ಅವತ್ತಿನಿಂದ ನೀವು ನಿಮ್ಮನ್ನೇ ನಂಬುತ್ತಿಲ್ಲ. ಅಡುಗೆಯವನಿಗೆ ಹೇಳಿದ್ದನ್ನು ಮತ್ತೆ ಹೋಗಿ ಕೇಳುತ್ತೀರಿ. ಕಾರಿನ ಕೀಲಿಯನ್ನು ಅತ್ತೆಯ ಕೈಗಿತ್ತಿರಿ. ಹೋಟೆಲಿನ ಗಲ್ಲಾದಲ್ಲಿ ಕೂರುವುದನ್ನೂ ಬಿಟ್ಟಿರಿ. ಮೊನ್ನೆ ನನ್ನ ಕೈ ಹಿಡಿದು, "ಫೋನೇ ಬರ್ಲಿಲ್ಲ ಅಂಬ್ರ್. ನನ್ ತಲೆ ಹಾಳಾಯ್ತ್ ಕಾಂತ್, ಅಲ್ದಾ ಮಾಣಿ?" ಎಂದಿರಿ. ನಾನು ಸುಮ್ಮನಿದ್ದೆ. ಫೋನ್ ಮಾಡಿದ್ದಕ್ಕಿಂತ ಆ ಸುಮ್ಮನಿದ್ದದ್ದು —

ಫೋನ್ ಬಂದದ್ದು ನಿಜ, ಮಾವ. ನಿಮ್ಮ ತಲೆ ಸರಿಯಾಗಿಯೇ ಇದೆ. ಕೆಟ್ಟದ್ದು ನನ್ನದು.

ನಾಳೆ ಮೆದುಳಿನ ಪರೀಕ್ಷೆಗೆಂದು ನಿಮ್ಮನ್ನು ಮಣಿಪಾಲಕ್ಕೆ ಕರೆದೊಯ್ಯುವವರಿದ್ದಾರೆ. ಹೊರಡುವ ಮೊದಲು ಈ ಕಾಗದ ಹಿಡಿದು ಜಗಲಿಗೆ ಬರುತ್ತೇನೆ. ಎಲ್ಲ ಹೇಳುತ್ತೇನೆ. ನೀವು ನಂಬಲಿಕ್ಕಿಲ್ಲ, ಸಮಾಧಾನ ಮಾಡಲು ಹೇಳುತ್ತಿದ್ದಾನೆ ಅಂದುಕೊಳ್ಳುತ್ತೀರಿ. ಆಗ ಅತ್ತೆಯ ಎದುರು, ಗಂಟಲು ಸರಿಮಾಡಿಕೊಂಡು, ಆ ಮಾತನ್ನು ಅದೇ ಸ್ವರದಲ್ಲಿ ಮತ್ತೊಮ್ಮೆ ಹೇಳಬೇಕಾಗುತ್ತದೆ. ನಿಮ್ಮ ಮುಖ ನೋಡಿಕೊಂಡೇ.

ಹೆದರಿಕೆಯಾಗುತ್ತದೆ. ಹೇಳುತ್ತೇನೆ. ಯಾರೂ ನಗುವುದಿಲ್ಲ.