ಲಾಲಬಿಯ ಹಲ್ಲಿಗೆ ಸಿಕ್ಕ ಹರಳು

ಇಳಕಲ್ಲಿನ ಗ್ರಾನೈಟ್ ಪಾಲಿಶ್ ಯಂತ್ರಗಳು ಇನ್ನೂ ಶುರುವಾಗಿಲ್ಲ. ಹುನಗುಂದ ರಸ್ತೆಯ ಪಕ್ಕದ ತಗಡಿನ ಶೆಡ್ಡಿನಲ್ಲಿ ಲಾಲಬಿ ಗೋಣಿಚೀಲ ಹಾಸಿ ಕುಳಿತಿದ್ದಾರೆ. ಎದುರಿಗೆ ಹೊಸದಾಗಿ ಕೊರೆದ ಕಲ್ಲಿನ ಒರಳು, ಒಳಗೆ ನೆನೆಸಿದ ನುಚ್ಚಕ್ಕಿ, ಮೇಲೊಂದು ಹಿಡಿ ಉಪ್ಪು. ಕುಟ್ಟುವ ಗುಂಡುಕಲ್ಲು ಬೀಳುವ ಸದ್ದಿಗೆ ಬಾಗಿಲಲ್ಲಿ ಮಲಗಿದ ನಾಯಿ ಕಿವಿಯನ್ನೂ ಎತ್ತುವುದಿಲ್ಲ, ಅದಕ್ಕೆ ಅದು ರೂಢಿಯಾಗಿಬಿಟ್ಟಿದೆ. ಅಕ್ಕಿ ನುಣ್ಣಗಾದ ಮೇಲೆ ಲಾಲಬಿ ಚಿಟಿಕೆ ಹಿಟ್ಟನ್ನು ಮುಂದಿನ ಹಲ್ಲುಗಳ ನಡುವೆ ಇಟ್ಟು ಕಣ್ಣು ಮುಚ್ಚುತ್ತಾರೆ. ಆಮೇಲೆ ಅತ್ತ ತಿರುಗಿ ಉಗುಳಿ, ಒರಳು ತೊಳೆದು, ಮತ್ತೆ ಹೊಸ ನುಚ್ಚು ಸುರಿಯುತ್ತಾರೆ. ಕಲ್ಲು ಇನ್ನೂ ಹರಳು ಬಿಡುತ್ತಿದೆ ಎಂದು ಅರ್ಥ.

"ಕಣ್ಣಿಗೆ ಕಾಣಂಗಿಲ್ರಿ, ಬೆರಳಿಗೂ ಸಿಗಂಗಿಲ್ಲ. ಹಲ್ಲಿಗಷ್ಟ ಗೊತ್ತಾಗ್ತದ" ಎನ್ನುತ್ತಾರೆ.

ಈ ಒರಳು ಹೋಗುವುದು ಬೆಂಗಳೂರಿನ ಥಾಯ್ ಹೋಟೆಲಿಗೆ. ಅಲ್ಲಿನ ಅಡುಗೆಯವರಿಗೆ ಮಿಕ್ಸರ್ ಮಸಾಲೆ ಆಗಿಬರುವುದಿಲ್ಲ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮಜ್ಜಿಗೆ ಹುಲ್ಲು, ಕೊತ್ತಂಬರಿಯ ಬೇರು ಎಲ್ಲವನ್ನೂ ಕಲ್ಲಿನಲ್ಲೇ ಕುಟ್ಟಬೇಕು. ಪ್ರಭುಲಿಂಗ ಅವರ ಕಾರ್ಖಾನೆಯಲ್ಲಿ ನೆಲಕ್ಕೆ ಹಾಸುವ ಫರಸಿ ಕೊಯ್ದು ಉಳಿದ ದಪ್ಪ ತುಂಡುಗಳನ್ನು ಲಾಲಬಿಯ ತಂಗಿಯ ಮಗ ನವೀದ ಯಂತ್ರಕ್ಕೆ ಕೊಟ್ಟು ಕೊರೆಯುತ್ತಾನೆ. ಕೊರೆದ ಕಲ್ಲನ್ನು ಅಡುಗೆಗೆ ಪಳಗಿಸುವುದು ಲಾಲಬಿಯ ಕೆಲಸ. ಮೊದಲು ಸೀರೆಯ ನೂಲು ಸುತ್ತುತ್ತಿದ್ದರು. ಕಲ್ಲಿನ ಖಣಿಯಲ್ಲಿ ದುಡಿಯುತ್ತಿದ್ದ ಗಂಡ ಎದೆಯಲ್ಲಿ ಧೂಳು ತುಂಬಿಕೊಂಡು ತೀರಿಹೋದ ಮೇಲೆ, ಅದೇ ಕಲ್ಲಿನ ಧೂಳು ಕಳೆಯುವ ಈ ಕೆಲಸಕ್ಕೆ ಬಂದರು. ದಿನಕ್ಕೆ ಎರಡು ಒರಳು ಪಳಗಿದರೆ ಅದು ಒಳ್ಳೆಯ ದಿನ. ಹಲ್ಲು ಜುಮ್ಮೆನ್ನುವ ದಿನ ಒಂದೇ.

ಓಣಿಯವರು ಲಾಲಬಿಗೆ ಇಟ್ಟಿರುವ ಹೆಸರು ಥಾಯ್ ಖಾಲಾ, ಅಂದರೆ ಥಾಯ್ ಚಿಕ್ಕಮ್ಮ. ಇಟ್ಟದ್ದಕ್ಕೆ ಕಾರಣವೂ ಇದೆ. ಒರಳುಗಳ ಜೊತೆ ಬೆಂಗಳೂರಿಗೆ ಹೋದಾಗಲೆಲ್ಲ ಈಕೆ ಥಾಯ್ ಹೋಟೆಲೇ ಹುಡುಕುತ್ತಿದ್ದರು, ಅದೂ ಪ್ರತಿಸಲ ಹೊಸದು. ಬಿರಿಯಾನಿಯ ಆಸೆಗೆ ಬಂದ ನವೀದ ಮುಖ ಊದಿಸಿಕೊಂಡು ಮೊಬೈಲಿನಲ್ಲಿ ದಾರಿ ನೋಡುತ್ತಿದ್ದ. ಇಂದಿರಾನಗರದ ಗಲ್ಲಿಯೊಳಗೊಂದು, ಕೋರಮಂಗಲದಲ್ಲಿ ಮಹಡಿ ಹತ್ತಿ ಹೋಗುವಂಥದೊಂದು, ಮಾಲಿನೊಳಗೆ ಚಳಿ ಹುಟ್ಟಿಸುವಂಥದೊಂದು. ಇಳಕಲ್ ಸೀರೆಯ ಸೆರಗನ್ನು ತಲೆತುಂಬ ಹೊದ್ದ ಹೆಂಗಸು ಬಾಗಿಲಿಗೆ ಬಂದರೆ ಕಾವಲಿನವನು ಕೆಲಸ ಕೇಳಲು ಬಂದವಳೆಂದೇ ತಿಳಿಯುತ್ತಿದ್ದ. ಲಾಲಬಿ ಅವನನ್ನು ದಾಟಿ ಹೋಗಿ ಮೇಜಿಗೆ ಕುಳಿತು, ಮಾಂಸ ಬೇಡ, ತರಕಾರಿಯ ಹಸಿರು ಕರಿ ಕೊಡಿ ಎನ್ನುತ್ತಿದ್ದರು.

ರುಚಿಯ ಮಾತು ಬಂದರೆ ಮುಖ ಅರಳುತ್ತದೆ. ತೆಂಗಿನ ಹಾಲಿನ ಕರಿಯನ್ನು ಬಿಳಿ ಅನ್ನಕ್ಕೆ ಕಲಸಿಕೊಂಡು ಅವರು ಬೆರಳು ಚೀಪುತ್ತಾರಂತೆ. ಹಸಿ ಪರಂಗಿಯ ಕೋಸಂಬರಿಯಲ್ಲಿ ಹುಳಿ, ಬೆಲ್ಲ, ಶೇಂಗಾ, ಮೂಗಿಗೆ ಏರುವ ಖಾರ. "ನಮ್ಮ ಅಡಗೀನ ರಿ ಅದು. ಹೊರದೇಶದ ಅರಿಬಿ ಹಾಕ್ಕೊಂಡು ಕುಂತದ ಅಷ್ಟ." ಹೇಳಿ ನಗುತ್ತಾರೆ, ಮರುಕ್ಷಣ ಸೆರಗಿನಿಂದ ಬಾಯಿ ಒರೆಸಿಕೊಳ್ಳುತ್ತಾರೆ. ಅಲ್ಲಿ ಕುಳಿತು ಸವಿದು ಉಂಡದ್ದಕ್ಕೇ ಅವರಿಗೆ ನಾಚಿಕೆ. ಈ ವಯಸ್ಸಿನಲ್ಲಿ ನಾಲಿಗೆ ಚಪಲ ನೋಡು ಎಂದು ಓಣಿಯ ಹೆಂಗಸರು ಆಡಿಕೊಂಡಾಗ ಅವರು ಎದುರು ಮಾತಾಡಿದವರಲ್ಲ. ಖರೆ ಕಾರಣಕ್ಕಿಂತ ಆ ಮಾತೇ ಹಗುರವಾಗಿತ್ತು.

ಆ ಕಾರಣ ಮೂರು ರಂಜಾನಿನ ಹಿಂದಿನದು. ಬೆಂಗಳೂರಿನಲ್ಲಿ ಹೊಸ ಥಾಯ್ ಹೋಟೆಲ್ ತೆರೆಯುವುದಿತ್ತು, ಒರಳಿಗೆ ಅವಸರ ಮಾಡುತ್ತಿದ್ದರು. ಲಾಲಬಿ ರೋಜಾ ಹಿಡಿದಿದ್ದರು, ಏನನ್ನೂ ಬಾಯಿಗೆ ಹಾಕುವಂತಿರಲಿಲ್ಲ. ಮಧ್ಯಾಹ್ನ ಗಾಡಿ ಬಂದು ನಿಂತಿತು. ಹಿಟ್ಟನ್ನು ಬೆರಳಲ್ಲಿ ಉಜ್ಜಿ ನೋಡಿದರು, ನುಣ್ಣಗೆ ಅನಿಸಿತು, ಕಳಿಸಿಬಿಟ್ಟರು. ಸಂಜೆ ರೋಜಾ ಬಿಡುವ ತನಕ ಗಾಡಿಯನ್ನು ನಿಲ್ಲಿಸಬಹುದಿತ್ತು. ಪಕ್ಕದಲ್ಲೇ ಕಲ್ಲು ಒರೆಸುತ್ತಿದ್ದ ಹನಮವ್ವನ ಹಲ್ಲಿಗೆ ಕೊಡಬಹುದಿತ್ತು. "ರೋಜಾದ ಮ್ಯಾಲೆ ತಪ್ಪು ಹೊರಸಬ್ಯಾಡ್ರಿ. ದೇವರು ಅವಸರ ಮಾಡಿರಲಿಲ್ಲ, ನಾ ಮಾಡಿದೆ."

ಹಬ್ಬ ಮುಗಿದ ಮೇಲೆ ಹೋಟೆಲ್ ಶುರುವಾಯಿತು. ಮಾಲೀಕರು ಲಾಲಬಿಯನ್ನೂ ನವೀದನನ್ನೂ ಕರೆಸಿ, ದೊಡ್ಡವರ ನಡುವೆ ಮೇಜು ಹಾಕಿ ಕೂರಿಸಿದರು. ಅಲ್ಲಿ ಮಸಾಲೆ ಕುಟ್ಟುತ್ತಿದ್ದವಳು ಬಾದಾಮಿ ಹತ್ತಿರದ ಬನಶಂಕರಿಯ ಗೀತಾಂಜಲಿ. ಇಳಕಲ್ ಎಂಬ ಹೆಸರು ಕಿವಿಗೆ ಬಿದ್ದದ್ದೇ ಏಪ್ರನ್‌ನಲ್ಲೇ ಹೊರಗೆ ಓಡಿಬಂದು, ದೊಡ್ಡವ್ವ ಎಂದು ಕೈ ಹಿಡಿದಳು. ನಿಮ್ಮ ಕಲ್ಲಿನಲ್ಲಿ ನಾನೇ ಕುಟ್ಟಿದ್ದು, ಉಂಡು ಹೇಳಿ ಎಂದು ಕರಿಯನ್ನು ತಾನೇ ಬಡಿಸಿದಳು. ಲಾಲಬಿಯ ಎರಡನೇ ತುತ್ತಿಗೆ ಹಲ್ಲಿನಲ್ಲಿ ಕರಕ್ ಎಂದಿತು. ಅವರಿಗೆ ಆಗಲೇ ತಿಳಿಯಿತು. ಉಗುಳದೆ ನುಂಗಿದರು.

ಆದರೆ ಪಕ್ಕದ ಮೇಜಿನವರು ನುಂಗಲಿಲ್ಲ. ಒಬ್ಬರ ಹಲ್ಲಿನ ಚೂರು ಹಾರಿತ್ತು, ಗಲಾಟೆಯಾಯಿತು. ಕೊತ್ತಂಬರಿ ಬೇರಿನ ಮಣ್ಣು ಸರಿಯಾಗಿ ತೊಳೆದಿಲ್ಲ ಎಂದು ಮಾಲೀಕರು ಎಲ್ಲರೆದುರೇ ಗೀತಾಂಜಲಿಯನ್ನು ಬೈದು, ಅಂದೇ ಕೆಲಸದಿಂದ ತೆಗೆದರು. ಹುಡುಗಿ ಏಪ್ರನ್ ಬಿಚ್ಚುತ್ತ ಲಾಲಬಿಯ ಕಡೆ ನೋಡಿದಳು. ಊರಿನ ಕಡೆಯವರ ಮುಂದೆ ಮಾನ ಹೋಯಿತಲ್ಲ ಎಂಬ ನೋಟ ಅದು. ಲಾಲಬಿ ತಟ್ಟೆ ನೋಡುತ್ತ ಕುಳಿತರು. ಒಂದು ಮಾತು ಆಡಿದ್ದರೆ ಸಾಕಿತ್ತು. ಮುಂದಿನ ಆರ್ಡರ್ ಹೋಗುತ್ತದೆ, ಪ್ರಭುಲಿಂಗ ಏನೆಂದಾರು, ನವೀದನ ಕೆಲಸದ ಗತಿಯೇನು ಎಂದೆಲ್ಲ ತಲೆಯಲ್ಲಿ ಓಡಿತಂತೆ.

ಹೋಟೆಲಿನಿಂದ ಹೋಟೆಲಿಗೆ ಅವರು ಹುಡುಕಿದ್ದು ಈ ಹುಡುಗಿಯನ್ನು. ಕೆಲಸ ಬಲ್ಲವಳು ಇನ್ನೊಂದು ಥಾಯ್ ಅಡುಗೆಮನೆಯನ್ನೇ ಸೇರಿರುತ್ತಾಳೆ ಎಂಬುದು ಅವರ ಲೆಕ್ಕ. ಹೋದ ವರ್ಷ ಅದು ಸರಿಯಾಯಿತು. ತಟ್ಟೆ ತಂದಿಟ್ಟವಳೇ ಗೀತಾಂಜಲಿ. ಗುರುತು ಹಿಡಿದು, ಖುಷಿಪಟ್ಟು, ತಾನೀಗ ತರಕಾರಿ ಹೆಚ್ಚುತ್ತೇನೆ, ಜನ ಕಡಿಮೆಯಿದ್ದಾಗ ಬಡಿಸುತ್ತೇನೆ ಎಂದಳು. ಕುಟ್ಟುವುದಿಲ್ಲವೇ ಎಂದು ಲಾಲಬಿ ಕೇಳಿದರು.

"ಅವತ್ತ ನಾ ಬೇರು ಬರೊಬ್ಬರಿ ತೊಳೀಲಿಲ್ಲ ದೊಡ್ಡವ್ವ. ನಿಮ್ಮ ಕಲ್ಲಿಗೂ ಕೆಟ್ಟ ಹೆಸರು ತಂದೆ. ಆವಾಗಿಂದ ಒಳಕಲ್ಲಿಗೆ ಕೈ ಹಚ್ಚಿಲ್ಲ ನಾ."

ಲಾಲಬಿ ಈ ಮಾತಿಗೆ ಏನು ಹೇಳಿದರು? ಕರಿ ಚಲೋ ಆಗಿದೆ ಎಂದರು. ಎರಡು ವರ್ಷ ಹುಡುಕಿದ್ದು ತಪ್ಪು ತನ್ನದೆಂಬ ಒಂದು ಮಾತು ಹೇಳಲು. ಅದನ್ನು ಹೇಳದೆಯೇ ಎದ್ದು ಬಂದರು. ಆಮೇಲೊಮ್ಮೆ ಬನಶಂಕರಿಗೂ ಹೋಗಿ ಬಂದರು. ಗೀತಾಂಜಲಿಯ ತಾಯಿ ಅಲ್ಲಿ ಹೂವು ಕಾಯಿಯ ಅಂಗಡಿ ಇಟ್ಟಿದ್ದಾರೆ. ಅವರ ಕೈಯಿಂದ ಎರಡು ತೆಂಗಿನಕಾಯಿ ಕೊಂಡು, ಬಂದ ಬಸ್ಸಿಗೇ ತಿರುಗಿದರು. "ಎದುರಿಗೆ ನಿಂತ್ರ ನಾಲಗಿ ಬಿದ್ದಂಗ ಆಗ್ತದ್ರಿ. ಮಂದಿ ನನ್ನ ಕೆಲಸ ಹೊಗಳ್ತಾರ. ಹೊಗಳಿದಾಗೆಲ್ಲ ನೆಲ ಬಾಯಿ ಬಿಡಬಾರದಾ ಅನಸ್ತದ."

ಈಗ ರಂಜಾನ್ ತಿಂಗಳಲ್ಲಿ ಯಾವ ಒರಳೂ ಸಂಜೆಗೆ ಮುಂಚೆ ಶೆಡ್ಡು ಬಿಡುವುದಿಲ್ಲ. ಗಾಡಿಯವನು ಎಷ್ಟೇ ಗೊಣಗಲಿ, ಖರ್ಜೂರ ತಿಂದು ನೀರು ಕುಡಿದ ಮೇಲೆ ಲಾಲಬಿಯ ಹಲ್ಲು ಹೂಂ ಎನ್ನಬೇಕು.

ಯಂತ್ರಗಳ ಸದ್ದು ಶುರುವಾಗಿದೆ. ನಮ್ಮ ಪತ್ರಿಕೆಯ ಫೋಟೋ ತೆಗೆಯುವವರು ಒರಳು ಹಿಡಿದು ಸ್ವಲ್ಪ ನಗಿ ಎನ್ನುತ್ತಾರೆ. ಲಾಲಬಿ ಒರಳನ್ನು ಕೆಳಗಿಟ್ಟು ಸೆರಗನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾರೆ. ಬನಶಂಕರಿಯ ಆ ಅಂಗಡಿಗೆ ಈ ಪೇಪರ್ ಬರುತ್ತದೆಯೇ ಎಂದು ಕೇಳುತ್ತಾರೆ. ಬರುತ್ತದೆ ಎಂದಾಗ ಒರಳಿನ ಅಂಚನ್ನು ಬೆರಳಿನಿಂದ ಒರೆಸುತ್ತಾರೆ.

"ನನ್ನ ಫೋಟೋ ಬ್ಯಾಡ್ರಿ. ಆ ಜಾಗಾದಾಗ ಇಷ್ಟು ಹಾಕ್ರಿ. ಗೀತಾಂಜಲಿ ಬೇರು ಬರೊಬ್ಬರಿ ತೊಳದಿದ್ಲು. ಹರಳು ಲಾಲಬಿಯ ಒಳಕಲ್ಲಿಂದು."