ಎಡಕ್ಕೆ ಬಿದ್ದ ಹೂ

ಮಲ್ಲಿಕಾಂಬಳಿಗೆ ದೇವರ ಹತ್ತಿರ ಹೂ ಕೇಳದೆ ಕೈಯೇ ಓಡುವುದಿಲ್ಲ. ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಎಮ್ಮೆ ಮಾರಬೇಕೋ ಬೇಡವೋ, ಎಲ್ಲವನ್ನೂ ಊರ ವೀರಭದ್ರನೇ ಹೇಳಬೇಕು. ದೇವರ ಮೈಗೆ ಅಂಟಿಸಿದ ಹೂ ಬಲಕ್ಕೆ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಒಮ್ಮೆ ಕೇಳಿದ್ದನ್ನು ಮತ್ತೆ ಕೇಳುವಂತಿಲ್ಲ. ಹಿಂದೆ ಅವಳು ಕಡೂರಿಗೆ ಕಾಲೇಜಿಗೆ ಹೋಗುತ್ತೇನೆಂದಾಗ ಅಪ್ಪ ಕೇಳಿಸಿದ ಹೂ ಎಡಕ್ಕೆ ಬಿದ್ದಿತ್ತು. ಅವಳು ತುಟಿ ಪಿಟಕ್ಕೆನ್ನಲಿಲ್ಲ. ಮರುವರ್ಷ ಕಲ್ಲೇಶನ ಸಂಬಂಧಕ್ಕೆ ಬಲಕ್ಕೆ ಬಿತ್ತು. ಅದರಲ್ಲಿ ದೇವರು ಮೋಸ ಮಾಡಲಿಲ್ಲ ಬಿಡಿ.

ಈಗ ಮಗಳು ಅಶ್ವಿನಿಯ ಸರದಿ. ಶಿವಮೊಗ್ಗದಲ್ಲಿ ಅವಳು ಓದುವುದು ಇಂಟರ್‌ಆಕ್ಟಿವ್ ಮೀಡಿಯಾ ಡಿಗ್ರಿ. ಆಡುವವರು ಬೆರಳಿಟ್ಟತ್ತ ಕಥೆ ತಿರುಗುವಂಥ ಮೊಬೈಲ್ ಗೇಮು ಮಾಡುವ ವಿದ್ಯೆ ಅದು. ಕೊನೆಯ ವರ್ಷಕ್ಕೆ ಒಂದೇ ವಿಭಾಗ ಆರಿಸಿಕೊಳ್ಳಬೇಕು, ಸೋಮವಾರವೇ ಹೇಳಬೇಕು. ಪ್ರೋಗ್ರಾಮಿಂಗ್ ಓದಿದರೆ ಕೆಲಸ ಗ್ಯಾರಂಟಿ ಎಂದು ಬಸ್ಸಿನಲ್ಲಿ ಯಾರೋ ಕಲ್ಲೇಶನ ತಲೆ ತುಂಬಿದ್ದಾರೆ. ಅಶ್ವಿನಿಗೆ ಬೇಕಾದದ್ದು ಗೇಮಿನ ಸದ್ದುಗಳನ್ನು ಕಟ್ಟುವ ಸೌಂಡ್ ವಿಭಾಗ. ರಜೆಗೆ ಬಂದವಳು ಫೋನು ಹಿಡಿದು ಅಮ್ಮನ ಬೆನ್ನಿಗೇ ಬಿದ್ದಿದ್ದಳು. ಮೊರದಲ್ಲಿ ರಾಗಿ ಕೇರುವ ಸದ್ದಾಯಿತು, ಕಾಯಿ ಸುಲಿಯುವ ಸದ್ದಾಯಿತು, ಕಡೆಗೆ ಅಮ್ಮ ತೋಟದಲ್ಲಿ ಕೋತಿ ಓಡಿಸುವ ಕೂಗೂ ರೆಕಾರ್ಡಾಯಿತು.

"ಇದನ್ನ ಗೇಮಲ್ಲಿ ದೆವ್ವಕ್ಕೆ ಹಾಕಿದೀನಿ ಕಣಮ್ಮಾ."

ಮಲ್ಲಿಕಾಂಬ ಚೆನ್ನಾಗಿ ಬೈದಳು. ಸಂಜೆ ಅದನ್ನೇ ಪಕ್ಕದ ಮನೆಯವರಿಗೆಲ್ಲ ಕೇಳಿಸಿ ಬಂದಳು.

ಅಪ್ಪ ಮಗಳ ಹಗ್ಗಜಗ್ಗಾಟ ಮುಗಿಯಲಿಲ್ಲ. "ಹೂ ಕೇಳ್ಬಿಡೇ, ಎತ್ತ ಬಿದ್ರೂ ನಂದು ಎರಡನೇ ಮಾತಿಲ್ಲ" ಎಂದ ಕಲ್ಲೇಶ.

ಭಾನುವಾರ ಬೆಳಿಗ್ಗೆ ಪೂಜಾರಿ ಗಂಗಾಧರಯ್ಯನವರು ಹೂವನ್ನು ನೀರಲ್ಲಿ ಅದ್ದಿ ದೇವರಿಗೆ ಅಂಟಿಸಿದರು. ಸೌಂಡಾದರೆ ಬಲಕ್ಕೆ ಕೊಡಪ್ಪಾ ಎಂದು ಮಲ್ಲಿಕಾಂಬ ಕೈಮುಗಿದಳು. ಹೂ ಎಡಕ್ಕೆ ಬಿತ್ತು.

ಅಶ್ವಿನಿ ತುಟಿ ಪಿಟಕ್ಕೆನ್ನಲಿಲ್ಲ. ಕೈಯಲ್ಲಿದ್ದ ಫೋನನ್ನು ಚೀಲಕ್ಕೆ ಹಾಕಿಕೊಂಡಳು, ಅಷ್ಟೇ. ಕೂಗಾಡಿದ್ದರೆ ಮಲ್ಲಿಕಾಂಬ ಗದರಿಸಿ ಸುಮ್ಮನಾಗುತ್ತಿದ್ದಳೋ ಏನೋ. ಆದರೆ ಆ ಮೌನ ಅವಳಿಗೆ ಗೊತ್ತಿತ್ತು, ಒಂದು ಕಾಲಕ್ಕೆ ಅವಳದೇ ಅದು.

"ಅಯ್ನೋರೇ, ಆ ಹೂ ಇತ್ತ ಕೊಡಿ."

"ಮತ್ತೆ ಕೇಳೋ ಹಂಗಿಲ್ಲ ಕಣಮ್ಮಾ."

"ಕೇಳಲ್ಲ ಬಿಡಿ."

ಹೂವನ್ನು ಇಸಿದುಕೊಂಡು ಮಗಳ ಜಡೆಗೆ ಮುಡಿಸಿದಳು. "ಸೌಂಡೇ ತಗೊಳ್ಳೇ. ನಿಮ್ಮಪ್ಪಂಗೆ ನಾನು ಹೇಳ್ತೀನಿ."

ಆಮೇಲೆ ದೇವರತ್ತ ತಿರುಗಿ ಕೆನ್ನೆ ಬಡಿದುಕೊಂಡಳು.

"ಸಿಟ್ಟು ಬಂದ್ರೆ ನನ್ ಮೇಲೆ ಇರ್ಲಿ ತಂದೆ, ಮಗು ಮೇಲೆ ಬೇಡ."